ಹೊಟ್ಟೆ ಹೂತ ಮರ

ಸುಳಿ ಕೈಗೇ ಬಂತು.

ನಾನು ಎಳೆದಿರಲಿಲ್ಲ, ಹಿಡಿದು ನೋಡಿದ್ದೆ ಅಷ್ಟೇ. ಮರದ ನೆತ್ತಿಯಲ್ಲಿ ನೆಟ್ಟಗೆ ನಿಂತಿದ್ದ ಎಳೆಗರಿ ಬುಡಸಮೇತ ಕಳಚಿಕೊಂಡಿತು. ಅದರ ತುದಿಯಿಂದ ಕಂದು ಲೋಳೆ ಜಾರಿ, ಮುಂಗೈ ದಾಟಿ, ನನ್ನ ಯೂನಿಫಾರ್ಮಿನ ತೋಳಿನೊಳಗೆ ಇಳಿಯಿತು. ಹಿಂದೆಯೇ ವಾಸನೆ ಬಂತು. ಮೂಗಿನಿಂದ ಗಂಟಲಿಗೆ ಇಳಿದು ನಾಲಿಗೆಯ ಮೇಲೆ ಕೂತುಬಿಟ್ಟಿತು.

"ಅಯ್ಯಯ್ಯೋ, ಬಿಸಾಕಿ ಮೇಡಂ ಅದನ್ನ!" ಎಂದು ಪಂಡಿತರು ಬಾಗಿಲ ಬಳಿಯಿಂದಲೇ ಕೂಗಿದರು.

ಪಂಡಿತರು ನಮ್ಮ ಠಾಣೆಯ ರೈಟರ್. ಬಕೆಟ್ ಕಳುವಾಯಿತು ಎಂದು ದೂರು ಬಂದರೆ 'ಜಲಪಾತ್ರೆ' ಎಂದು ಬರೆಯುವ ಮನುಷ್ಯ, ಅದಕ್ಕೇ ಆ ಹೆಸರು. ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಹೊಸಿಲ ಆಚೆಯೇ ನಿಂತಿದ್ದರು. ಒಳಗೆ ಬನ್ನಿ ಎಂದರೆ ಗಾಳಿ ಆಡಲಿ ಮೇಡಂ ಎಂದು ಇನ್ನೊಂದು ಹೆಜ್ಜೆ ಹಿಂದೆ ಸರಿದರು.

ಇದೇ ಗಾಜಿನ ಮನೆಯಲ್ಲಿ, ಇದೇ ಮರದ ಬುಡದಲ್ಲಿ, ಈ ನರ್ಸರಿಯ ಯಜಮಾನ ಕಳೆದ ವಾರ ಬೋರಲು ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಹಾರೆಯ ಏಟು, ಉಗುರಿನ ತುಂಬ ಮಣ್ಣು. ಅವನ ಹೆಂಡತಿ ಇವತ್ತು ನಸುಕಿನಿಂದ ನಮ್ಮ ಲಾಕಪ್ಪಿನಲ್ಲಿದ್ದಳು. ನಾಳೆ ಬೆಳಿಗ್ಗೆ ಕೋರ್ಟಿಗೆ ಹೋದರೆ ಅಲ್ಲಿಂದ ನೇರ ಜೈಲು. ಅವಳು ಕೊಂದಿಲ್ಲ ಎಂದು ಇಡೀ ಠಾಣೆಯಲ್ಲಿ ನಂಬಿದ್ದವಳು ನಾನೊಬ್ಬಳೇ, ಆ ನಂಬಿಕೆಗೆ ನನ್ನ ಹತ್ತಿರ ಇದ್ದದ್ದು ಈ ಕೊಳೆತ ಮರ ಒಂದೇ.

"ಕೊಡಿ ಇಲ್ಲಿ," ಎಂದರು ಗಿಡದ ಡಾಕ್ಟರಮ್ಮ.

ಕೃಷಿ ಕಾಲೇಜಿನಲ್ಲಿ ಸಸ್ಯರೋಗ ಕಲಿಸುವ ಹೆಂಗಸು. ಬಿಳಿ ಕೂದಲು, ಇಸ್ತ್ರಿ ಮಾಡಿದ ಸೀರೆ. ನನ್ನ ಕೈಯಿಂದ ಸುಳಿಯನ್ನು ಇಸಿದುಕೊಂಡು, ಲೋಳೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು ಆಳವಾಗಿ ಉಸಿರೆಳೆದರು.

"ಸುಳಿ ಕೊಳೆ. ಚೆನ್ನಾಗಿ ಮಾಗಿದೆ," ಎಂದರು, ಅಂಗಡಿಯಲ್ಲಿ ಹಣ್ಣು ಆರಿಸುವವರ ಹಾಗೆ. ಆಮೇಲೆ ಬಗ್ಗಿ ಮರದ ಬುಡ ನೋಡಿದರು. ಅವರ ಹುಬ್ಬು ಗಂಟಾಯಿತು. "ಇದರ ಹೊಟ್ಟೆ ಎಲ್ಲಿ?"

"ಹೊಟ್ಟೆನಾ?"

"ಬಾಟಲಿ ಪಾಮ್ ಅಲ್ವೇನ್ರೀ ಇದು? ಹೊಟ್ಟೆನೇ ಇದರ ಗುರುತು. ಬುಡ ಉಬ್ಬಿಕೊಂಡಿರುತ್ತೆ, ಮೇಲೆ ಹೋಗ್ತಾ ಕತ್ತು ಸಣ್ಣಗಾಗುತ್ತೆ, ತುದೀಲಿ ನಾಲ್ಕೈದು ಗರಿ. ಇಲ್ಲಿ ನೋಡಿ, ಕತ್ತೊಂದೇ ಹೊರಗಿದೆ. ಇಷ್ಟು ವಯಸ್ಸಾದ ಮರದ ಸುಳಿ ನಿಮ್ಮ ಕೈಗೆ ಸಿಗ್ಲೇಬಾರದು. ಸ್ಟೂಲ್ ಹಾಕ್ಕೊಂಡು ಹತ್ತಬೇಕಿತ್ತು."

ಅವರು ಬರಿಗೈಯಲ್ಲೇ ಮಣ್ಣು ಕೆದಕಿದರು. ಜಿಗುಟು ಮಣ್ಣು, ಹಿಂಡಿದರೆ ನೀರು ಬರುವಷ್ಟು ಒದ್ದೆ. ಕೆಳಗಡೆ ಕಾಂಡ ನಿಜವಾಗಿಯೂ ಉಬ್ಬಿತ್ತು. ತೊಗಟೆ ಬೆರಳಿಗೆ ಮೆತ್ತಿಕೊಂಡು ಎದ್ದು ಬಂತು.

"ಪಾಪಿಗಳು," ಎಂದರು ಡಾಕ್ಟರಮ್ಮ. "ದ್ವೀಪದ ಗಿಡ ರೀ ಇದು. ಬಂಡೆ ಮೇಲಿನ ಒಂದು ಹಿಡಿ ಮಣ್ಣಲ್ಲಿ ಬದುಕೋ ಜಾತಿ. ಸಮುದ್ರದ ಉಪ್ಪುಗಾಳಿ ತಡ್ಕೊಳ್ಳುತ್ತೆ, ಸುಡೋ ಬಿಸಿಲು ತಡ್ಕೊಳ್ಳುತ್ತೆ. ಚಳಿ ಆಗಲ್ಲ. ಬುಡದಲ್ಲಿ ನಿಂತ ನೀರಂತೂ ಆಗೋದೇ ಇಲ್ಲ. ಬೆರಳು ಚುಚ್ಚಿ ನೋಡಿ, ಒಳಗೂ ಒಣಗಿದೆ ಅಂದ್ಮೇಲೆ ನೀರು ಕೊಡ್ಬೇಕು. ಮರಳು ಜಾಸ್ತಿ ಇರ್ಬೇಕು, ಕೊಟ್ಟ ನೀರು ನಿಲ್ಲದೆ ಇಳಿದು ಹೋಗ್ಬೇಕು. ಹೊಟ್ಟೆ ಯಾವಾಗ್ಲೂ ಗಾಳಿಗೆ ತೆರೆದಿರ್ಬೇಕು. ಇಲ್ಲಿ ಯಾರೋ ಕತ್ತಿನ ತನಕ ಹೂತು ಮೇಲೆ ಕೊಳ ಕಟ್ಟಿದಾರೆ."

"ಗೊತ್ತಿರೋರು ಹೀಗೆ ಮಾಡ್ತಾರಾ?"

"ಈ ಗಿಡದ ಜೊತೆ ಒಂದು ತಿಂಗಳು ಕಳೆದಿರೋರು ಯಾರೂ ಮಾಡಲ್ಲ."

ನನಗೆ ಬೇಕಾಗಿದ್ದದ್ದು ಆ ಮಾತು. ಯಜಮಾನ ದ್ವೀಪಕ್ಕೆ ಹೋಗಿ ಈ ಮರ ತಂದು ನೆಟ್ಟು ಎರಡು ಮಳೆಗಾಲ ಕಳೆದಿದ್ದವು. ತವರಿನಲ್ಲಿ ಈ ಜಾತಿ ಬೆರಳೆಣಿಕೆಯಷ್ಟು ಉಳಿದಿದೆ, ಹೊರಗೆ ನೋಡಿದರೆ ಹೋಟೆಲುಗಳ ಮುಂಬಾಗಿಲಲ್ಲೆಲ್ಲ ನಿಂತಿದೆ. ಅವನಿಗೆ ತವರಿನದ್ದೇ ಬೇಕಿತ್ತು. ಈ ಸಲ ಇದಕ್ಕೊಂದು ಜೊತೆ ಮರ ಹುಡುಕಿಕೊಂಡು ಹೋದವನು ಬರಿಗೈಯಲ್ಲಿ ವಾಪಸು ಬಂದ ದಿನವೇ ಸತ್ತ. ಅವನು ಇಲ್ಲದಾಗೆಲ್ಲ ಬೀಗದ ಕೈ ಇಟ್ಟುಕೊಂಡು ಮರ ನೋಡಿಕೊಂಡವಳು ಹೆಂಡತಿ. ಮರ ಸಾಯಿಸಿದಳೆಂದು ಗಂಡ ರೇಗಿದ, ಅವಳು ಹಾರೆ ಎತ್ತಿದಳು ಎಂದು ನಮ್ಮ ಸಾಹೇಬರು ತೀರ್ಮಾನಿಸಿದ್ದರು. ಲಾಕಪ್ಪಿನಲ್ಲಿ ಕೂತು ಅವಳು ಬಾಯಿ ಬಿಟ್ಟು ಕೇಳಿದ್ದು ಒಂದೇ. ಗಿಡಕ್ಕೆ ಯಾರೂ ನೀರು ಹಾಕಬೇಡಿ ಅನ್ನಿ ಮೇಡಂ.

ಆ ಗಂಡನ ಮೇಲೆ ನನಗೆ ಕನಿಕರ ಹುಟ್ಟಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಗಾಜಿನ ಮನೆಗೆ ಚಳಿ ತಾಗದ ಹಾಗೆ ನಾಲ್ಕೂ ಮೂಲೆಗೆ ಹೀಟರು ಹಾಕಿಸಿದ್ದ. ಪಕ್ಕದಲ್ಲೇ ಇದ್ದ ಅವನ ಮನೆಯ ಮಲಗುವ ಕೋಣೆಯಲ್ಲಿ ಗೋಡೆ ಒಸರಿ ಬೂಷ್ಟು ಹಿಡಿದಿತ್ತು, ಕಿಟಕಿಯ ಒಡೆದ ಗಾಜಿಗೆ ರಟ್ಟು ಅಂಟಿಸಿದ್ದರು. ಆ ಹಾಸಿಗೆ ಮುಟ್ಟಿ ನೋಡಿದ ಮೇಲೆ ನಾನು ಎರಡು ಸಲ ಕೈ ತೊಳೆದಿದ್ದೆ. ಮರಕ್ಕೆ ಬೆಚ್ಚಗೆ, ಕಟ್ಟಿಕೊಂಡವಳಿಗೆ ಬೂಷ್ಟು. ಥೂ ಎನಿಸಿತ್ತು.

ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ನಾನು ಕಾಂಪೌಂಡಿನಾಚೆಯ ಬಡಗಿಯ ಶೆಡ್ಡಿಗೆ ಹೋದೆ. ನಮ್ಮ ಕೇಸಿಗೆ ಇದ್ದ ಒಬ್ಬನೇ ಸಾಕ್ಷಿ ಅವನು. ಬಾಗಿಲ ಚೌಕಟ್ಟಿಗೆ ಹತ್ತರಿ ಹೊಡೆಯುತ್ತಿದ್ದವನು ನನ್ನ ತೋಳು ನೋಡಿ, ಮಾತಿಲ್ಲದೆ ಸೋಪು ತಂದು ಕೊಟ್ಟ.

"ಅವತ್ತು ನೀವು ಕೇಳಿಸಿಕೊಂಡಿದ್ದು ಇನ್ನೊಂದ್ಸಲ ಹೇಳಿ," ಎಂದೆ.

"ಬರ್ಕೊಂಡು ಹೋದ್ರಲ್ಲ ಮೇಡಂ, ಓದಿಲ್ವಾ?"

ಓದಿದ್ದೆ. ಬಾಯಿಪಾಠವೂ ಆಗಿತ್ತು. "'ನೀನು ಕೊಂದುಬಿಟ್ಟೆಯಲ್ಲವೇ' ಎಂದು ಮೃತರು ಉಚ್ಚ ಸ್ವರದಲ್ಲಿ ನುಡಿದುದನ್ನು ಆಲಿಸಿದೆನು. ಇದೇ ತಾನೇ?"

ಬಡಗಿ ಹತ್ತರಿ ಕೆಳಗಿಟ್ಟ. "ಆಲಿಸಿದೆನಾ? ನಾನಾ? ನಮ್ಮಪ್ಪನಾಣೆ ಆ ಪದ ನನ್ ಬಾಯಲ್ಲಿ ಯಾವತ್ತೂ ಬಂದಿಲ್ಲ ಮೇಡಂ. ಯಜಮಾನ್ರು ಕಿರಚ್ಕೊಂಡ್ರು. 'ಕೊಂದ್ಬಿಟ್ಯಲ್ಲೋ, ಕೊಂದ್ಬಿಟ್ಯಲ್ಲೋ' ಅಂತ. ಅಷ್ಟೇ ನಾನ್ ಹೇಳಿದ್ದು."

ಸೋಪು ನನ್ನ ಕೈಯಿಂದ ಜಾರಿ ಮರದ ಹೊಟ್ಟಿನ ರಾಶಿಗೆ ಬಿತ್ತು.

"ಲೋ ಅಂದ್ರಾ? ಲೇ ಅನ್ಲಿಲ್ವಾ?"

"ಲೋ ಅಂದ್ರು. ಎರಡು ಸಲನೂ."

"ಹೆಂಡ್ತಿಗೆ ಯಾವಾಗ್ಲಾದ್ರೂ ಹಾಗೆ ಕರೀತಿದ್ರಾ?"

"ಹೆಂಡ್ತಿನ ಯಾರಾದ್ರೂ ಲೋ ಅಂತಾರಾ ಮೇಡಂ? ಆ ಯಮ್ಮನ್ನ ಕರೀತಿದ್ದಿದ್ದೇ ಕಡಿಮೆ. ಕರೆದ್ರೆ 'ಏ, ಇವಳೇ' ಅಂತಿದ್ರು."

ನಾನು ವಾಪಸು ಬಂದು ಪಂಡಿತರ ಮುಂದೆ ನಿಂತೆ. ಅವರು ನನ್ನ ಮುಖ ನೋಡಿಯೇ ಕರ್ಚೀಫು ಇಳಿಸಿದರು.

"ಬಡಗಿ 'ಕೊಂದ್ಬಿಟ್ಯಲ್ಲೋ' ಅಂದಿದ್ದನ್ನ ನೀವು ಹೇಗೆ ಬರೆದ್ರಿ?"

"ಶುದ್ಧ ಮಾಡಿ ಬರೆದೆ ಮೇಡಂ. 'ಲೋ' ಅನ್ನೋದು ಗ್ರಾಮ್ಯ. ಕೋರ್ಟಿಗೆ ಹೋಗೋ ಕಾಗದ ಅಲ್ವಾ?"

"ನಿಮ್ಮ ಶುದ್ಧಕ್ಕೆ ಬೆಂಕಿ ಹಾಕ. ಅಲ್ಲೋ ಅಂದ್ರೆ ಗಂಡಸು ರೀ. ಅಲ್ಲೇ ಅಂದಿದ್ರೆ ಹೆಂಗಸು. ಎರಡನ್ನೂ ತಿಕ್ಕಿ ತೊಳೆದು 'ಅಲ್ಲವೇ' ಮಾಡಿ, ಒಬ್ಬ ಹೆಂಗಸನ್ನ ಒಳಗೆ ಹಾಕಿಸಿದ್ರಲ್ಲ!"

ಪಂಡಿತರ ಮುಖ ಸುಣ್ಣವಾಯಿತು. ಅವರು ಕೆಟ್ಟವರಲ್ಲ, ಅದು ನನಗೆ ಗೊತ್ತು. ಆದರೂ ಆ ಕ್ಷಣ ಅವರ ಅಚ್ಚುಕಟ್ಟಾದ ಕ್ರಾಪು, ಜೇಬಿನ ಎರಡು ಪೆನ್ನು, ಎಲ್ಲದರ ಮೇಲೂ ನನಗೆ ಅಸಹ್ಯ ಹುಟ್ಟಿತು. ಅದನ್ನು ಓದಿ ಸಹಿ ಮಾಡಿದ ನಮ್ಮ ಸಾಹೇಬರ ಮೇಲೆ ಅದಕ್ಕಿಂತ ಹೆಚ್ಚು.

ಆ ಹೊತ್ತು ನರ್ಸರಿಯಲ್ಲಿದ್ದ, ಯಜಮಾನ 'ಲೋ' ಎಂದು ಕರೆಯಬಹುದಾದ ಗಂಡಸು ಒಬ್ಬನೇ. ಅವನ ತಮ್ಮ.

ತಮ್ಮನನ್ನು ಎಲ್ಲರೂ ಕರೆಯುವುದು ಗಡ್ಡೆ ಎಂದು. ನರ್ಸರಿಯ ಹಿಂಭಾಗದಲ್ಲಿ ಡೇರೆ ಹೂವಿನ ಗಡ್ಡೆ, ಲಿಲ್ಲಿಯ ಗಡ್ಡೆ ಬೆಳೆದು ಮಾರುವುದು ಅವನ ಕೆಲಸ. ಅಣ್ಣನ ಗಾಜಿನ ಮನೆಗೆ ಕಾಲೇ ಇಟ್ಟಿಲ್ಲ ಎಂದು ನಮ್ಮೆದುರು ಹೇಳಿಕೆ ಕೊಟ್ಟಿದ್ದ. ನಾನು ಡಾಕ್ಟರಮ್ಮನ ಕಿವಿಯಲ್ಲಿ ಒಂದು ಮಾತು ಹೇಳಿದೆ. ಅವರು ನರ್ಸರಿಯ ಸಾಲಿನಿಂದ ಎಳೆಯ ಬಾಟಲಿ ಪಾಮ್ ಒಂದನ್ನು, ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ, ಆರಿಸಿ ಕೊಟ್ಟರು.

ಗಡ್ಡೆಯ ಶೆಡ್ಡು ಗಾಜಿನ ಮನೆಗಿಂತ ವಾಸಿ ಇರಬಹುದು ಎಂದುಕೊಂಡಿದ್ದೆ. ಇರಲಿಲ್ಲ. ಕ್ರೇಟುಗಳ ತುಂಬ ಮಣ್ಣು ಮೆತ್ತಿದ ಗಡ್ಡೆಗಳು, ಅರ್ಧಕ್ಕರ್ಧ ಕೊಳೆತವು. ಅವನು ಬ್ಲೇಡಿನಿಂದ ಕೊಳೆತ ಭಾಗ ಕೆತ್ತಿ ತನ್ನ ಕಾಲ ಬುಡಕ್ಕೇ ಉದುರಿಸುತ್ತಿದ್ದ, ಅಲ್ಲೇ ನೊಣ ಗುಂಯ್‌ಗುಟ್ಟುತ್ತಿತ್ತು. ಕೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿ ಬಿಸ್ಕತ್ತು ತೆಗೆದು, ಟೀಯಲ್ಲಿ ಅದ್ದಿ, ಬೆರಳು ಸಮೇತ ಬಾಯಿಗಿಟ್ಟುಕೊಂಡ. ನಾನು ಬೇರೆ ಕಡೆ ನೋಡಿದೆ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಟೀ ಹೇಳ್ಲಾ?"

"ಬೇಡ, ಬೇಡ. ಒಂದು ಉಪಕಾರ ಆಗ್ಬೇಕಿತ್ತು. ಈ ಗಿಡನ ಒಂದು ಕುಂಡಕ್ಕೆ ಹಾಕ್ಕೊಡಿ. ಠಾಣೆ ಮುಂದೆ ಇಡೋಣ ಅಂತ."

"ಅಯ್ಯೋ, ಅದಕ್ಕೇನಂತೆ!"

ಅವನ ಕೈ ಚುರುಕು. ಕುಂಡ ಎಳೆದುಕೊಂಡ, ತಳಕ್ಕೆ ಗೊಬ್ಬರ ಸುರಿದ, ಚೀಲ ಹರಿದು ಗಿಡ ಇಳಿಸಿದ. ಪುಟ್ಟ ಗಿಡವಾದರೂ ಬುಡದಲ್ಲಿ ಆಗಲೇ ಮುಷ್ಟಿ ಗಾತ್ರದ ಉಬ್ಬು ಇತ್ತು. ಗಡ್ಡೆ ಮಣ್ಣು ಎಳೆದೆಳೆದು ಉಬ್ಬು ಮುಚ್ಚಿದ. ಮತ್ತೆ ಎಳೆದ. ಕತ್ತಿನ ತನಕ ಬಂದ ಮೇಲೆ ಎರಡೂ ಅಂಗೈಯಿಂದ ತಟ್ಟಿ ಗಟ್ಟಿ ಮಾಡಿ, ಮಗ್ಗಿನಲ್ಲಿದ್ದ ನೀರು ಪೂರ್ತಿ ಸುರಿದ.

"ಇಷ್ಟೊಂದು ಒಳಗೆ ಹಾಕ್ಬೇಕಾ?" ಎಂದೆ.

"ಗಡ್ಡೆ ಪೂರ್ತಿ ಮುಚ್ಬೇಕು ಮೇಡಂ. ಇಲ್ದಿದ್ರೆ ಒಣಗೋಗುತ್ತೆ."

"ಯಾವ ಗಡ್ಡೆ?"

"ಇದೇ... ಬುಡದ ಗಡ್ಡೆ."

ನಾನು ಕುಂಡದೊಳಗೆ ಕೈ ಹಾಕಿದೆ. ಗೊಬ್ಬರ ಉಗುರಿನ ಸಂದಿಗೆ ಹೋಯಿತು. ಉಬ್ಬನ್ನು ಹೊರಗೆ ಬಿಡಿಸಿ ಅವನ ಮುಂದೆ ಹಿಡಿದೆ. "ಇದು ಗಡ್ಡೆ ಅಲ್ಲ, ಗಿಡದ ಹೊಟ್ಟೆ. ಕಾಂಡ ಇದು. ಮೇಲೇ ಇರ್ಬೇಕು. ನಿಮ್ಮಣ್ಣನಿಗೆ ಗೊತ್ತಿತ್ತು, ನಿಮ್ಮತ್ತಿಗೆಗೆ ಗೊತ್ತಿತ್ತು. ಒಳಗಿರೋ ದೊಡ್ಡ ಮರದ ಹೊಟ್ಟೆನೂ ಹೀಗೇ ಮಣ್ಣಲ್ಲಿದೆ. ಹೀಗೇ ತಟ್ಟಿದಾರೆ. ಹೀಗೇ ನೀರು ತುಂಬಿಸಿದಾರೆ."

ಅವನು ಬಿಸ್ಕತ್ತು ಅಗಿಯುವುದು ನಿಲ್ಲಿಸಿದ. ಅರ್ಧ ಅಗಿದದ್ದು ಬಾಯಲ್ಲೇ ಇತ್ತು.

"ಕಾಲೇ ಇಟ್ಟಿಲ್ಲ ಅಂದ್ರಲ್ಲ?"

"ಮೇಡಂ..."

"ನಿಮ್ಮಣ್ಣ ಸಾಯೋಕೆ ಮುಂಚೆ 'ಕೊಂದ್ಬಿಟ್ಯಲ್ಲೋ' ಅಂದಿದ್ದು ಯಾರಿಗೆ? ಆ ಮರಕ್ಕಾ? ನನಗಾ? ನುಂಗಿ ಮಾತಾಡಿ ಮೊದಲು."

ನುಂಗಿದ. ಆಮೇಲೆ ಅಳತೊಡಗಿದ. ಅಳುವ ಗಂಡಸರನ್ನು ನೋಡಿ ನನಗೆ ಅಭ್ಯಾಸ ಇದೆ. ಇವನದು ಅಳುವಿಗಿಂತ ಸುರಿಯುವುದೇ ಜಾಸ್ತಿ. ಮೂಗು, ಬಾಯಿ, ಎಲ್ಲ ಒಂದಾಗಿ ಗಲ್ಲದಿಂದ ಇಳಿಯಿತು. ಅದೇ ಗೊಬ್ಬರದ ಕೈಯಿಂದ ಒರೆಸಿಕೊಂಡ.

"ನಾನು ಕೊಂದಿದ್ದು ಮರ ಮೇಡಂ, ಅಣ್ಣನ್ನಲ್ಲ. ಅದೂ ಬೇಕಂತ ಅಲ್ಲ. ಅಣ್ಣ ಹೋಗೋವಾಗ ಇನ್ನೊಂದು ಬೀಗದ ಕೈ ನನಗೆ ಕೊಟ್ಟಿದ್ದ. 'ನಿಮ್ಮತ್ತಿಗೆ ಜಿಪುಣಿ, ತೊಟ್ಟು ನೀರು ಕೊಡ್ತಾಳೆ, ನೀನೂ ಆಗಾಗ ನೋಡ್ತಿರು' ಅಂದಿದ್ದ. ಅವನು ಬರೋ ಹೊತ್ತಿಗೆ ದಷ್ಟಪುಷ್ಟ ಆಗಿರ್ಲಿ ಅಂತ, ಅತ್ತಿಗೆ ಪೇಟೆಗೆ ಹೋದಾಗೆಲ್ಲ ಪೈಪು ಬಿಟ್ಟೆ. ಡೇರೆ ಪಾತಿಗೆ ಬಿಡೋ ಹಾಗೇ ಬಿಟ್ಟೆ."

"ಅತ್ತಿಗೆಗೆ ಗೊತ್ತಾಗ್ಲಿಲ್ವಾ?"

"ಒಂದ್ಸಲ ಸಿಕ್ಕಿಬಿದ್ದೆ. ಹಾರೆ ಎತ್ಕೊಂಡೇ ಬಂದ್ರು ಮೇಡಂ ನನ್ ಮೇಲೆ. 'ಇನ್ನೊಂದ್ಸಲ ಇಲ್ಲಿ ನೀರು ಬಿಟ್ರೆ ನಿನ್ನನ್ನೇ ಹೂತಾಕ್ತೀನಿ' ಅಂದ್ರು. ಯಾವತ್ತೂ ಜೋರಾಗಿ ಮಾತಾಡಿದೋರಲ್ಲ."

ಗಿಡದ ಮೇಲಿನ ಕಾಳಜಿ ಎಂದುಕೊಂಡೆ. ಕಾಲೇಜಿನಲ್ಲಿ ಕಲಿಯದೆ, ಬೆರಳು ಚುಚ್ಚಿ ನೋಡಿ ನೀರು ಕೊಡುತ್ತಿದ್ದ ಹೆಂಗಸು, ಎದುರು ಪೈಪು ಬಿಟ್ಟವನನ್ನು ಕಂಡು ರೇಗಿದ್ದರಲ್ಲಿ ಆಶ್ಚರ್ಯ ಏನಿದೆ. ನನಗೆ ಅವಳ ಮೇಲೆ ಇನ್ನಷ್ಟು ಪ್ರೀತಿ ಬಂತು.

"ಅಣ್ಣ ಬಂದ ದಿನ ಏನಾಯ್ತು, ಒಂದೂ ಬಿಡದೆ ಹೇಳಿ."

"ಬಂದೋನೇ ಸೀದಾ ಗಾಜಿನ ಮನೆಗೆ ಹೋದ. ಮರ ನೋಡಿ ಕೂಗಿಕೊಂಡ. ನನ್ ಕಾಲರ್ ಹಿಡಿದ. ಹೊಟ್ಟೆ ಯಾಕೆ ಹೂತಿದೀಯ ಅಂತ ಹೊಡೆದ. ನಾನು ಹೂಳ್ಲಿಲ್ಲ ಕಣೋ ಅಂದೆ."

"ಸುಳ್ಳು. ಈಗ ನನ್ನೆದುರೇ ಹೂತ್ರಿ."

"ಮಣ್ಣು ಏರಿಸಿದ್ದು ನಾನೇ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಮೊದಲು ಅದೇ ಇಳೀತು."

"ಏನು ಇಳೀತು?"

"ಮರ. ನೀರು ಬಿಡೋಕೆ ಶುರು ಮಾಡಿ ಸ್ವಲ್ಪ ದಿನ ಆದ್ಮೇಲೆ ಬುಡ ಕುಸಿಯೋಕೆ ಹತ್ತಿತು. ಹೋದಾಗೆಲ್ಲ ಇನ್ನೊಂಚೂರು ಕೆಳಗೆ. ಸುತ್ತ ಗುಂಡಿ ಬೀಳ್ತಿತ್ತು. ಅತ್ತಿಗೆ ಕಣ್ಣಿಗೆ ಬಿದ್ರೆ ಬೈತಾರೆ ಅಂತ ಮಣ್ಣು ತಂದು ಮಟ್ಟ ಮಾಡ್ತಿದ್ದೆ. ಹೇಗೂ ಗಡ್ಡೆ ತಾನೇ, ಮುಚ್ಚಿದ್ರೆ ಒಳ್ಳೇದೇ ಅಂದ್ಕೊಂಡೆ."

ನಾನು ಕುಂಡವನ್ನು ಕೆಳಗಿಟ್ಟೆ.

"ಇದನ್ನ ಅಣ್ಣನಿಗೆ ಹೇಳಿದ್ರಾ?"

"ಹೇಳಿದೆ. ಕಾಲರ್ ಬಿಟ್ಟುಬಿಟ್ಟ. 'ಇಳೀತಾ? ಇಳೀತು ಅಂದ್ರೆ?' ಅಂದ. ಮಂಡಿಯೂರಿ ಮಣ್ಣಲ್ಲಿ ಕೈ ಹಾಕಿದ. 'ಮರ ನೆಡೋಕೆ ಮುಂಚೆ ಈ ಗುಂಡಿ ತುಂಬಿಸಿದ್ದು ಯಾರೋ?' ಅಂದ. ಅತ್ತಿಗೆ ಅಂದೆ. ನಿಜ ಮೇಡಂ, ಎರಡು ಮಳೆಗಾಲದ ಹಿಂದಿನ ಮಾತು, ಅಣ್ಣ ಆವಾಗ ಮರ ತರೋಕೆ ದ್ವೀಪಕ್ಕೆ ಹೋಗಿದ್ದ. ಅವನು ಬರೋ ಹೊತ್ತಿಗೆ ಅತ್ತಿಗೆನೇ ಗುಂಡಿ ತೆಗೆಸಿ, ಮರಳು ತುಂಬಿ, ಎಲ್ಲ ರೆಡಿ ಮಾಡಿ ಇಟ್ಟಿದ್ರು. 'ನೀನು ಹೋಗು' ಅಂದ ನನಗೆ. ನಾನು ಬಂದೆ. ಅಷ್ಟೇ. ಅಣ್ಣ ಬದುಕಿದ್ದ, ಕೈಯಲ್ಲೇ ಬಗೀತಿದ್ದ."

"ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ರಿ? ಅತ್ತಿಗೆ ಅಲ್ಲಿ ಲಾಕಪ್ಪಲ್ಲಿ ಕೂತಿದಾರೆ."

ಅವನು ನೆಲ ನೋಡಿದ. ಕೊಳೆತ ಚೂರೊಂದನ್ನು ಕಾಲಿನಿಂದ ತಳ್ಳಿದ. "ಅತ್ತಿಗೆ ಒಳಗೆ ಹೋದ್ರೆ... ನರ್ಸರಿ ನಂದೇ ಆಗುತ್ತಲ್ಲ ಅಂತ."

ಅಷ್ಟು ಸಲೀಸಾಗಿ ಹೇಳಿದ. ಆ ಶೆಡ್ಡಿನಲ್ಲಿ ಕೊಳೆತದ್ದು ಏನೇನಿತ್ತೋ ಅದರಲ್ಲೆಲ್ಲ ಇವನೇ ಹೆಚ್ಚು ನಾರುತ್ತಿದ್ದ. ನಾನು ಎದ್ದು ಹೊರಗೆ ಬಂದು ಉಗುಳಿದೆ. ಯೂನಿಫಾರ್ಮಿನಲ್ಲಿ ಉಗುಳಬಾರದು ಎಂದು ನಮ್ಮ ಸಾಹೇಬರು ಹೇಳುತ್ತಿರುತ್ತಾರೆ.

ಆದರೂ ಬೆಳಗಿನಿಂದ ಮೊದಲ ಸಲ ಮನಸ್ಸು ಹಗುರಾಯಿತು. ಯಜಮಾನ ಕೂಗಾಡಿದ್ದು ತಮ್ಮನ ಮೇಲೆ. ಗಾಜಿನ ಮನೆಗೆ ಇನ್ನೊಂದು ಬೀಗದ ಕೈ ಇತ್ತು. ಸುಳ್ಳು ಹೇಳಿಕೆ ಕೊಟ್ಟವನು ಸಿಕ್ಕಿಬಿದ್ದಿದ್ದ. ಹೆಂಡತಿಯ ಮೇಲಿದ್ದ ಕೇಸಿನಲ್ಲಿ ಸಾಹೇಬರು ಹಿಡಿದು ನೇತಾಡಲು ಒಂದು ಗೂಟವೂ ಉಳಿದಿರಲಿಲ್ಲ. ನಾಳೆ ಕೋರ್ಟಿಗೆ ಅವಳ ಬದಲು ಇವನು ಹೋಗಬಹುದು.

ಠಾಣೆಗೆ ಫೋನು ಮಾಡಿದೆ. ಲಾಕಪ್ಪಿನ ಡ್ಯೂಟಿಯಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಎತ್ತಿಕೊಂಡಳು.

"ಆಯಮ್ಮನಿಗೆ ಹೇಳು. ಮೈದುನ ಬಾಯಿ ಬಿಟ್ಟ ಅಂತ. ಸಂಜೆಯೊಳಗೆ ಮನೆಗೆ ಹೋಗ್ಬಹುದು. ಮುಖ ತೊಳ್ಕೊಂಡು ಏನಾದ್ರೂ ತಿನ್ನೋಕೆ ಹೇಳು."

"ಆಯ್ತು ಮೇಡಂ. ಪಾಪ, ಒಂದು ಗುಟುಕು ನೀರೂ ಕುಡಿದಿಲ್ಲ. ನೀವು ಬರ್ತೀರಾ ಈಗ?"

"ಇಲ್ಲೊಂದು ಚೂರು ಕೆಲಸ ಇದೆ. ಮರದ ಬುಡ ಅಗೆಸಿ ನೋಡಿ ಬರ್ತೀನಿ. ಮರ ಯಾಕೆ ಕುಸೀತು ಅಂತ ಗೊತ್ತಾಗ್ಬೇಕು."

ಕುಸಿದ ಕಾರಣ ಇಲಿ ಬಿಲವೋ, ಒಡೆದ ಚರಂಡಿ ಪೈಪೋ ಇರಬಹುದು ಎಂದೇ ನನ್ನ ಎಣಿಕೆ. ಯಜಮಾನ ಸಾಯುವ ಮುನ್ನ ಬಗೆಯುತ್ತಿದ್ದ ಜಾಗ ಎಂಬ ಕಾರಣಕ್ಕೆ ನೋಡಲೇಬೇಕಿತ್ತು.

ಇಬ್ಬರು ಕಾನ್‌ಸ್ಟೇಬಲ್‌ಗಳು ಗುದ್ದಲಿ ಹಿಡಿದರು. ಮರದ ಕತ್ತಿಗೆ ಹಗ್ಗ ಬಿಗಿದು ಎಳೆದಾಗ ಅದು ಹೆಚ್ಚು ಹಟ ಮಾಡಲಿಲ್ಲ. ಬೇರೆಲ್ಲ ಕರಗಿ ಹೋಗಿತ್ತು. ಪಚಕ್ ಎಂದು ಸದ್ದು ಮಾಡಿ ಪಕ್ಕಕ್ಕೆ ಒರಗಿತು, ಹೊಟ್ಟೆ ಬಿರಿದು ನಾರುನಾರಾದ ಹಿಟ್ಟು ಹೊರಬಂತು. ಒಬ್ಬ ಕಾನ್‌ಸ್ಟೇಬಲ್ ಹೊರಗೆ ಓಡಿ ವಾಂತಿ ಮಾಡಿಕೊಂಡ. ಪಂಡಿತರು ಅವನ ಗುದ್ದಲಿ ತೆಗೆದುಕೊಂಡು ಗುಂಡಿಗೆ ಇಳಿದರು. ನಾನು ಹೇಳಿರಲಿಲ್ಲ. ಪ್ಯಾಂಟು ಮಡಚಿ, ಕರ್ಚೀಫು ಬಿಸಾಕಿ, ತಾವೇ ಇಳಿದರು.

ಮೇಲೆ ತಮ್ಮ ಹಾಕಿದ ಅಂಟುಮಣ್ಣು. ಅದರ ಕೆಳಗೆ ಒಳ್ಳೆಯ ದಪ್ಪ ಮರಳು, ಡಾಕ್ಟರಮ್ಮ ಹೇಳಿದ ಹಾಗೇ, ಆದರೆ ನೀರು ಕುಡಿದು ಕಪ್ಪಾಗಿತ್ತು. ಇನ್ನೂ ಕೆಳಗೆ ಪಂಡಿತರ ಗುದ್ದಲಿ 'ಟಕ್' ಎಂದಿತು.

"ಹಲಗೆ ಮೇಡಂ. ನಡುವೆ ಮುರಿದು ಒಳಗೆ ಕುಸಿದಿದೆ."

ಆಗ ಹೊಸ ವಾಸನೆ ಎದ್ದಿತು. ಡಾಕ್ಟರಮ್ಮ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಯ ತನಕ ಹಿಂದೆ ಹೋದರು. "ಇದು ಗಿಡದ್ದಲ್ಲ ರೀ," ಎಂದರು.

ನನ್ನ ಫೋನು ಹೊಡೆದುಕೊಂಡಿತು. ಠಾಣೆಯಿಂದ.

"ಮೇಡಂ, ಆಯಮ್ಮ ಗಲಾಟೆ ಮಾಡ್ತಿದಾರೆ. ಬಿಡುಗಡೆ ಅಂದೆ, ಸುಮ್ನೆ ಕೂತಿದ್ರು. ನೀವು ಬುಡ ಅಗೆಸ್ತಿದೀರ ಅಂದಿದ್ದೇ ತಡ, ಕಂಬಿಗೆ ತಲೆ ಚಚ್ಕೊಳ್ತಿದಾರೆ. ನಿಮ್ಮ ಹತ್ರ ಮಾತಾಡ್ಬೇಕಂತೆ."

"ಕೊಡು."

ಹೆಂಡತಿಯ ದನಿ ಕೇಳಿಸಿತು.

"ಮೇಡಂ, ಅಗೆಯೋದು ನಿಲ್ಸಿ."

"ಯಾಕಮ್ಮ? ನಿಮ್ಮನ್ನ ಬಿಡಿಸೋಕೇ ತಾನೇ ನಾನು ಒದ್ದಾಡ್ತಿರೋದು?"

"ನನ್ನ ಬಿಡಿಸಬೇಡಿ. ಗಂಡನ್ನ ನಾನೇ ಕೊಂದೆ. ಬರ್ಕೊಳ್ಳಿ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅವನು ಬುಡ ಬಗೆಯೋದು ನಿಲ್ಲಿಸ್ಲಿಲ್ಲ, ಹಾರೆ ತಗೊಂಡು ಹಿಂದಿನಿಂದ ಹೊಡೆದೆ. ನಾಳೆ ಕೋರ್ಟಲ್ಲೂ ಇದನ್ನೇ ಹೇಳ್ತೀನಿ. ಆ ಹಲಗೆ ಮಾತ್ರ ಎತ್ತಬೇಡಿ."

ಹಲಗೆ ಸಿಕ್ಕಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಬೆಳಗಿನಿಂದ ಎಲ್ಲರನ್ನೂ ಕಂಡು ಹೇಸಿದ್ದವಳು ನಾನು, ಇವಳೊಬ್ಬಳನ್ನು ಬಿಟ್ಟು. ಈಗ ಇವಳ ದನಿ ತಾಗಿದ ಫೋನನ್ನೂ ಕಿವಿಯಿಂದ ದೂರ ಹಿಡಿಯಬೇಕು ಎನಿಸಿತು. ಹಿಡಿಯಲಿಲ್ಲ.

"ಹಲಗೆ ಕೆಳಗೆ ಏನಿದೆ?" ಎಂದೆ.

"ಅವಳು ಮಲಗಿದಾಳೆ. ಒಬ್ಬಳೇ ಮಲಗಿದಾಳೆ, ಮಲಗಿರ್ಲಿ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಬ್ಬಳೇನಾ? ಯಾರವಳು?" ಎಂದು ನಾನು ಕೂಗುವಷ್ಟರಲ್ಲಿ ಬೆನ್ನ ಹಿಂದೆ ಮರ ಸೀಳಿದ ಸದ್ದಾಯಿತು. ಪಂಡಿತರು ಹಲಗೆ ಎತ್ತಿಬಿಟ್ಟಿದ್ದರು. ಗುಂಡಿಯ ಅಂಚು ಹಿಡಿದುಕೊಂಡು ಒಳಗೆ ನೋಡುತ್ತಿದ್ದರು, ಕಣ್ಣು ಮುಚ್ಚಿದರು, ಮತ್ತೆ ತೆರೆದು ನೋಡಿದರು.

"ಮೇಡಂ," ಎಂದರು, "ಒಬ್ಬಳಲ್ಲ. ಇಲ್ಲಿ ಇಬ್ಬರಿದಾರೆ."